ನಮ್ಮ ಸೀಮೆಯ ಕೆಂಪು ವೈನ್: ಬಿಸಿಲ ನಾಡಿನಲ್ಲಿ ರುಚಿ ನೋಡುವ ಕ್ರಮ

ಬೆಂಗಳೂರಿನಲ್ಲಿ ಕೆಲಸಕ್ಕಿರುವ ಮಗನೋ ಅಳಿಯನೋ ಊರಿಗೆ ಬರುವಾಗ ಕರ್ನಾಟಕದಲ್ಲೇ ತಯಾರಾದ ಕೆಂಪು ವೈನಿನ ಒಂದು ಬಾಟಲಿ ತಂದಿರುತ್ತಾನೆ. ಅದು ಅಲಮಾರಿಯ ಮೇಲೆ ಕೂತು ಬೇಸಿಗೆ ಕಾಣುತ್ತದೆ. ಮೇ ತಿಂಗಳ ಒಂದು ರಾತ್ರಿ ಖಾರದ ಮಟನ್ ಸಾರಿನ ಜೊತೆ ಅದನ್ನು ತೆರೆದು ಸ್ಟೀಲ್ ಲೋಟಕ್ಕೆ ಸುರಿಯುತ್ತಾರೆ. ಮೊದಲ ಗುಟುಕಿಗೇ ನಾಲಿಗೆ ಒಣಗುತ್ತದೆ, ಗಂಟಲು ಉರಿಯುತ್ತದೆ, ಬಾಯಲ್ಲಿ ಒಗರು ನಿಲ್ಲುತ್ತದೆ. ‘ಇದೇನ್ರೀ, ಕಷಾಯ ಇದ್ದಂಗದ. ನಮ್ಮ ಕಡೀ ವೈನ್ ಅಂದ್ರ ಇಷ್ಟ ನೋಡ್ರಿ’ ಎಂದು ತೀರ್ಪು ಹೊರಬೀಳುತ್ತದೆ. ಉಳಿದ ಮುಕ್ಕಾಲು ಬಾಟಲಿ ಅಡುಗೆಮನೆಯ ಮೂಲೆ ಸೇರುತ್ತದೆ.

ಆ ವೈನ್ ನಿಜಕ್ಕೂ ಕಳಪೆ ಇರಬಹುದು. ಆದರೆ ಆ ಗುಟುಕಿನಿಂದ ಅದನ್ನು ಹೇಳಲು ಬರುವುದಿಲ್ಲ. ಬಾಟಲಿ ಕಾದ ಜಾಗ, ತೆರೆದ ಹೊತ್ತಿನ ಬಿಸಿ, ಲೋಟ, ಜೊತೆಗಿದ್ದ ಖಾರ ಎಲ್ಲವೂ ರುಚಿಯನ್ನು ಕೆಡಿಸಿದ್ದವು. ವೈನ್ ಪುಸ್ತಕಗಳು ಹೇಳುವ ‘ಕೆಂಪು ವೈನನ್ನು ಕೋಣೆಯ ಉಷ್ಣತೆಯಲ್ಲಿ ಕುಡಿಯಿರಿ’ ಎಂಬ ಮಾತು ಯುರೋಪಿನ ತಣ್ಣನೆಯ ಕಲ್ಲುಮನೆಗಳಲ್ಲಿ ಹುಟ್ಟಿದ್ದು. ಯಾದಗಿರಿ, ಶಹಾಪುರ, ಸುರಪುರದಲ್ಲಿ ಬೇಸಿಗೆಯ ಹಗಲು 40 ಡಿಗ್ರಿ ದಾಟುತ್ತದೆ. ಇಲ್ಲಿಗೆ ಇಲ್ಲಿಯದೇ ಕ್ರಮ ಬೇಕು.

ಎಳೆಯ ಸೀಮೆ ಎಂದರೆ ಏನು?

ಕೃಷ್ಣೆ ನಾರಾಯಣಪುರದ ಬಸವಸಾಗರ ಅಣೆಕಟ್ಟೆ ದಾಟಿ ಸುರಪುರದ ಕಡೆಗೆ ಬರುತ್ತಾಳೆ. ಅವಳ ಮೇಲ್ದಂಡೆಯ ವಿಜಯಪುರ, ಬಾಗಲಕೋಟೆ, ಬೆಳಗಾವಿ ಜಿಲ್ಲೆಗಳನ್ನು ವೈನ್ ಲೋಕ ‘ಕೃಷ್ಣಾ ಕಣಿವೆ’ ಎಂದು ಗುರುತಿಸುತ್ತದೆ. ಭೀಮೆಯ ಕೊಳ್ಳದ ಮೇಲ್ಭಾಗದಲ್ಲಿ, ಮಹಾರಾಷ್ಟ್ರದ ಸೊಲ್ಲಾಪುರ ಜಿಲ್ಲೆಯ ಅಕ್ಲೂಜ್ ಬಳಿ ಫ್ರಟೆಲ್ಲಿ ತೋಟಗಳಿವೆ. ತುಂಗಭದ್ರೆಯ ಕಡೆ ಕೊಪ್ಪಳ ಜಿಲ್ಲೆಯಲ್ಲಿ ‘ಹಂಪಿ ಹಿಲ್ಸ್’ ಸೀಮೆ ಮತ್ತು ಅಲ್ಲಿನ ಕ್ರಸ್ಮಾ ತೋಟ ಇವೆ. ನಮ್ಮ ಹೊಲಗಳಲ್ಲಿ ಹತ್ತಿ, ತೊಗರಿ, ಭತ್ತ, ಮೆಣಸಿನಕಾಯಿ ಬೆಳೆದರೂ ಸುತ್ತಲಿನ ನದಿಗಳ ಮೇಲುದಂಡೆಗಳಲ್ಲಿ ವೈನ್ ದ್ರಾಕ್ಷಿ ಬೇರೂರಿದೆ.

ಇಲ್ಲಿನ ವೈನ್ ದ್ರಾಕ್ಷಿಯ ಚರಿತ್ರೆ ಚಿಕ್ಕದು; ಎಳೆಯ ಸೀಮೆ ಎನ್ನುವುದು ಅದಕ್ಕೇ. ನಂದಿ ಬೆಟ್ಟದ ತಪ್ಪಲಿನ ದೊಡ್ಡಬಳ್ಳಾಪುರದಲ್ಲಿ ಗ್ರೋವರ್ ಕುಟುಂಬ ಫ್ರೆಂಚ್ ತಳಿಗಳನ್ನು ನೆಟ್ಟು ಪ್ರಯೋಗ ಮಾಡಿದ್ದು 1980ರ ದಶಕದಲ್ಲಿ; ಮೊದಲ ವೈನ್ ಮಾರುಕಟ್ಟೆಗೆ ಬಂದದ್ದು 1992ರಲ್ಲಿ. ಕರ್ನಾಟಕ ಸರ್ಕಾರ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿ ತಂದದ್ದು 2007ರಲ್ಲಿ. ವಿಜಯಪುರದ ದ್ರಾಕ್ಷಿಯಲ್ಲಿ ಬಹುಪಾಲು ಇಂದಿಗೂ ಥಾಮ್ಸನ್ ಸೀಡ್‌ಲೆಸ್‌ನಂಥ ತಿನ್ನುವ ಹಣ್ಣು; ಮಣೂಕ ಆಗುವುದು ಅದೇ. ಕೆಂಪು ವೈನಿಗೆ ಬೇಕಾದ ಕ್ಯಾಬರ್ನೆ ಸೊವಿನ್ಯೋ, ಶಿರಾಜ್, ಸಾಂಜೊವೇಸೆ ತಳಿಗಳ ಹಣ್ಣು ಗಾತ್ರದಲ್ಲಿ ಚಿಕ್ಕದು. ಹೆಚ್ಚಿನವುಗಳ ಸಿಪ್ಪೆ ದಪ್ಪ, ಒಳಗೆ ಬೀಜ. ತಿನ್ನಲು ರುಚಿಸದ ಆ ಸಿಪ್ಪೆ ಮತ್ತು ಬೀಜಗಳಿಂದಲೇ ವೈನಿಗೆ ಬಣ್ಣವೂ ಒಗರೂ ಬರುತ್ತವೆ.

ಫ್ರಾನ್ಸಿನ ಬೋರ್ಡೋದಲ್ಲಿ ಯಾವ ಇಳಿಜಾರಿಗೆ ಯಾವ ತಳಿ ಎಂಬುದನ್ನು ತಲೆಮಾರುಗಳು ನೋಡಿ ನಿರ್ಧರಿಸಿವೆ. ಇಲ್ಲಿ ಆ ಹುಡುಕಾಟ ಇನ್ನೂ ನಡೆದಿದೆ. ಹಾಗಾಗಿ ‘ಇದು ಫ್ರಾನ್ಸಿನದರಂತೆ ಇದೆಯೇ?’ ಎಂದು ಕೇಳಬೇಡಿ. ಕೇಳಬೇಕಾದ್ದು ಮೂರೇ ಮಾತು: ಹಣ್ಣಿನ ವಾಸನೆ ಸ್ವಚ್ಛವಾಗಿದೆಯೇ? ಹುಳಿ, ಒಗರು, ಮದ್ಯದ ಬಿಸಿ ಒಂದನ್ನೊಂದು ತುಳಿಯದೆ ಇವೆಯೇ? ಎರಡನೇ ಗುಟುಕು ಬೇಕೆನಿಸುತ್ತದೆಯೇ?

ಬಿಸಿಲು ವೈನಿಗೆ ಮಾಡುವುದೇನು?

ಮುಂದಿನ ಹೆಜ್ಜೆಗಳೆಲ್ಲ ಈ ಒಂದು ಪ್ರಶ್ನೆಯ ಮೇಲೆ ನಿಂತಿವೆ. ಬಿಸಿಲು ಮೂರು ಕಡೆ ಕೆಲಸ ಮಾಡುತ್ತದೆ.

ತೋಟದಲ್ಲಿ: ಯುರೋಪಿನ ಬಳ್ಳಿ ಚಳಿಗಾಲದಲ್ಲಿ ಎಲೆ ಉದುರಿಸಿ ಮಲಗುತ್ತದೆ. ನಮ್ಮಲ್ಲಿ ಬಳ್ಳಿಗೆ ಆ ನಿದ್ದೆ ಇಲ್ಲ. ಅದಕ್ಕೇ ನಮ್ಮ ರೈತರು ವರ್ಷಕ್ಕೆ ಎರಡು ಚಾಟ್ನಿ (ಬಳ್ಳಿಯ ಕಡ್ಡಿ ಕತ್ತರಿಸುವುದು) ಮಾಡುತ್ತಾರೆ. ಬೇಸಿಗೆಯ ಚಾಟ್ನಿ ಕಡ್ಡಿ ಬೆಳೆಸಲು; ಮಳೆಗಾಲ ಮುಗಿಯುತ್ತ ಬಂದಂತೆ ಸೆಪ್ಟೆಂಬರ್–ಅಕ್ಟೋಬರಿನಲ್ಲಿ ಮಾಡುವ ಚಾಟ್ನಿ ಹಣ್ಣು ಹಿಡಿಸಲು. ಹಣ್ಣು ಕೊಯ್ಲಿಗೆ ಬರುವುದು ಫೆಬ್ರವರಿ–ಮಾರ್ಚ್ ಹೊತ್ತಿಗೆ, ಬಿಸಿಲು ಏರುವಾಗ. ಬಿಸಿಲಿನಲ್ಲಿ ಸಕ್ಕರೆ ಬೇಗ ಏರುತ್ತದೆ, ರಾತ್ರಿಯೂ ಬೆಚ್ಚಗಿದ್ದರೆ ಹಣ್ಣಿನ ಹುಳಿ ಕರಗುತ್ತದೆ. ಸಕ್ಕರೆ ಹೆಚ್ಚಿದಷ್ಟೂ ವೈನಿನಲ್ಲಿ ಮದ್ಯಾಂಶ ಹೆಚ್ಚು. ಆದರೆ ಸಿಪ್ಪೆ ಮತ್ತು ಬೀಜದ ಒಗರು ಸಕ್ಕರೆಯ ಓಟಕ್ಕೆ ಜೊತೆ ಕೊಡದೆ ಹಿಂದೆ ಉಳಿಯಬಹುದು. ಹುಳಿ ಕಳೆದುಹೋಗುವ ಮುನ್ನ ಕೊಯ್ದರೆ ಒಗರು ಹಸಿ, ಒಗರು ಮಾಗಲೆಂದು ಕಾದರೆ ಹುಳಿ ಸಪ್ಪೆ. ಬಿಸಿಲ ಸೀಮೆಯ ವೈನ್ ತಯಾರಕರ ಮುಖ್ಯ ತಲೆನೋವು ಇದು. ನೀವು ರುಚಿ ನೋಡುವಾಗ ಅಳೆಯುವುದೂ ಮುಖ್ಯವಾಗಿ ಇದನ್ನೇ.

ಬಾಟಲಿಯಲ್ಲಿ: ಹುಳಿ ಕಡಿಮೆ ಇರುವ ವೈನಿಗೆ ಬಾಳಿಕೆ ಕಡಿಮೆ. ಕಾದ ಗೋದಾಮು, ಲಾರಿ, ಅಂಗಡಿಯ ಮೇಲ್ಶೆಲ್ಫ್ ಅದನ್ನು ಇನ್ನಷ್ಟು ಬೇಗ ಮುದಿಯಾಗಿಸುತ್ತವೆ. ತಾಜಾ ಹಣ್ಣಿನ ವಾಸನೆ ಹೋಗಿ ಕುದಿಸಿದ ಜಾಮಿನ ವಾಸನೆ ಉಳಿಯುತ್ತದೆ.

ಲೋಟದಲ್ಲಿ: ವೈನ್ 20 ಡಿಗ್ರಿ ದಾಟಿ ಬಿಸಿಯಾದಂತೆ ಮದ್ಯಾಂಶ ಹೆಚ್ಚು ಆವಿಯಾಗಿ ಮೂಗಿಗೆ ರಾಚುತ್ತದೆ, ಹಣ್ಣಿನ ವಾಸನೆ ಅದರಡಿ ಹೂತುಹೋಗುತ್ತದೆ. ತೀರಾ ತಣ್ಣಗಿದ್ದರೂ ತೊಂದರೆ: ವಾಸನೆ ಮೇಲೇಳುವುದಿಲ್ಲ, ಒಗರು ಚುಚ್ಚುತ್ತದೆ. ಕೆಂಪು ವೈನಿಗೆ ಹಿತವಾದ ಉಷ್ಣತೆ ಸುಮಾರು 14ರಿಂದ 18 ಡಿಗ್ರಿ.

ರುಚಿ ನೋಡುವ ಒಂಬತ್ತು ಹೆಜ್ಜೆ

1. ಕಾಲ ಆರಿಸಿಕೊಳ್ಳಿ. ಎಳ್ಳಮಾವಾಸ್ಯೆಯಿಂದ ಶಿವರಾತ್ರಿಯ ತನಕದ ಚಳಿ ರಾತ್ರಿಗಳು ನಮ್ಮ ಕಡೆ ಇದಕ್ಕೆ ಪ್ರಶಸ್ತ. ಲೋಟಕ್ಕೆ ಸುರಿದ ವೈನ್ ಆಗ ಬೇಗ ಬಿಸಿಯಾಗುವುದಿಲ್ಲ. ಬೇಸಿಗೆಯಲ್ಲೇ ನೋಡಬೇಕೆಂದರೆ ಎ.ಸಿ. ಕೋಣೆ ಅಥವಾ ಐಸ್ ತುಂಬಿದ ಬಕೆಟ್ ಕೈಗೆಟುಕುವಂತಿರಲಿ.

2. ಬಾಟಲಿಯನ್ನು ಅಂಗಡಿಯಲ್ಲೇ ಪರೀಕ್ಷಿಸಿ. ಲೇಬಲ್ಲಿನ ಮೇಲೆ ದ್ರಾಕ್ಷಿ ಕೊಯ್ದ ವರ್ಷ ಇದ್ದರೆ ನೋಡಿ. ಬಿಸಿಲ ಸೀಮೆಯ ಸಾಧಾರಣ ಕೆಂಪು ವೈನನ್ನು ಕೊಯ್ಲಿನಿಂದ ಮೂರು-ನಾಲ್ಕು ವರ್ಷದೊಳಗೆ ಕುಡಿಯುವುದು ಲೇಸು. ‘ರಿಸರ್ವ್’ ದರ್ಜೆಯವು ಚೆನ್ನಾಗಿ ಇಟ್ಟಿದ್ದರೆ ಇನ್ನಷ್ಟು ಬಾಳುತ್ತವೆ. ಕಾರ್ಕ್ ಬಾಯಿಂದ ತುಸು ಮೇಲೆದ್ದಿದ್ದರೆ, ಕತ್ತಿನ ಸುತ್ತ ವೈನ್ ಸೋರಿದ ಅಂಟು ಇದ್ದರೆ, ಬಾಟಲಿ ಬಿಸಿಲಿನ ಗಾಜಿನ ಶೋಕೇಸಿನಲ್ಲಿ ನಿಂತಿದ್ದರೆ ಬೇಡವೆನ್ನಿ. ತಿರುಚುವ ಮುಚ್ಚಳ ಕಂಡು ಅಗ್ಗದ್ದೆಂದು ತಿಳಿಯಬೇಡಿ. ಬೇಗ ಕುಡಿಯುವ ವೈನಿಗೆ ಅದು ಒಳ್ಳೆಯ ಮುಚ್ಚಳ. ಕಾರ್ಕಿನಿಂದ ಬರುವ ದೋಷದ ಭಯ ಅದಕ್ಕಿಲ್ಲ.

3. ಮನೆಯಲ್ಲಿ ತಂಪಾದ ಕತ್ತಲ ಜಾಗದಲ್ಲಿಡಿ. ಅಲಮಾರಿಯ ಮೇಲೂ ಒಲೆಯ ಪಕ್ಕವೂ ಬೇಡ. ವಾರಗಟ್ಟಲೆ ಇಡುವುದಾದರೆ ಫ್ರಿಜ್ಜಿನ ಕೆಳಗಿನ ತರಕಾರಿ ಡ್ರಾಯರೇ ನಮ್ಮ ಮನೆಗಳಿಗೆ ಸುರಕ್ಷಿತ. ಶುದ್ಧ ಶಾಸ್ತ್ರದ ಪ್ರಕಾರ ಅದು ತುಸು ಹೆಚ್ಚೇ ತಂಪು, ಆದರೆ 38 ಡಿಗ್ರಿಯ ಕೋಣೆಗಿಂತ ಎಷ್ಟೋ ಮೇಲು.

4. ಸರಿಯಾಗಿ ತಂಪು ಮಾಡಿ. ಬೇಸಿಗೆಯ ಕೋಣೆಯಲ್ಲಿದ್ದ ಬಾಟಲಿ ಫ್ರಿಜ್ಜಿನಲ್ಲಿ ಹದಕ್ಕೆ ಬರಲು ಸುಮಾರು ಒಂದೂವರೆಯಿಂದ ಎರಡು ಗಂಟೆ ಬೇಕು. ಐಸ್ ಮತ್ತು ನೀರು ಬೆರೆಸಿದ ಬಕೆಟ್ಟಿನಲ್ಲಿ ಹದಿನೈದು ನಿಮಿಷ ಸಾಕು. ಬರೀ ಐಸ್ ತುಂಬಬೇಡಿ. ನೀರು ಬಾಟಲಿಯನ್ನು ಸುತ್ತಲೂ ತಬ್ಬುವುದರಿಂದ ಬಿಸಿ ಬೇಗ ಹೊರಹೋಗುತ್ತದೆ. ಫ್ರಿಜ್ಜಿನಲ್ಲೇ ರಾತ್ರಿಯಿಡೀ ಇದ್ದ ಬಾಟಲಿಯನ್ನು ಹೊರತೆಗೆದು ಬೇಸಿಗೆಯಲ್ಲಿ ಇಪ್ಪತ್ತು ನಿಮಿಷ, ಚಳಿಗಾಲದಲ್ಲಿ ಮುಕ್ಕಾಲು ಗಂಟೆ ಬಿಡಿ. ಥರ್ಮಾಮೀಟರ್ ಇಲ್ಲವೇ? ಬಾಟಲಿ ಕೈಗೆ ಮಡಕೆಯ ನೀರಿಗಿಂತ ತುಸು ತಂಪು, ಫ್ರಿಜ್ಜಿನ ನೀರಿಗಿಂತ ಬೆಚ್ಚಗೆ ಅನಿಸಿದರೆ ಸರಿ. ಕರೆಂಟ್ ಹೋದರೆ ಹಸಿ ಬಟ್ಟೆ ಸುತ್ತಿ ಗಾಳಿಗಿಡಿ. ಒಣ ಬೇಸಿಗೆಯಲ್ಲಿ ಅದು ಹತ್ತಕ್ಕೂ ಹೆಚ್ಚು ಡಿಗ್ರಿ ಇಳಿಸಬಲ್ಲದು. ಉಳಿದದ್ದಕ್ಕೆ ಐಸ್ ಬೇಕೇ ಬೇಕು.

5. ಗಾಜಿನ ಲೋಟ ಬಳಸಿ. ಸ್ಟೀಲ್ ಲೋಟದಲ್ಲಿ ಬಣ್ಣ ಕಾಣುವುದಿಲ್ಲ, ಅಗಲ ಬಾಯಿಂದ ವಾಸನೆ ಹಾರಿಹೋಗುತ್ತದೆ. ಹೊಟ್ಟೆ ಅಗಲ, ಬಾಯಿ ಕಿರಿದಾದ ವೈನ್ ಲೋಟ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಎಲ್ಲರಿಗೂ ಒಂದೇ ಅಳತೆಯ ಸಾದಾ ಗಾಜಿನ ಲೋಟಗಳಿರಲಿ. ಸೋಪಿನ ವಾಸನೆ ಉಳಿಯದಂತೆ ಬಿಸಿನೀರಿನಲ್ಲಿ ತೊಳೆದು ಒಣಗಿಸಿ. ಒಬ್ಬರಿಗೆ 30 ಮಿಲಿಲೀಟರ್ ಸಾಕು. ಲೋಟ ತುಂಬಿದರೆ ತಿರುಗಿಸಲು ಜಾಗವಿಲ್ಲ.

6. ನೋಡಿ. ಬಿಳಿ ಹಾಳೆಯ ಮೇಲೆ ಲೋಟವನ್ನು ವಾಲಿಸಿ ಅಂಚಿನ ಬಣ್ಣ ಗಮನಿಸಿ. ಅಂಚು ನೇರಳೆ ಇದ್ದರೆ ವೈನ್ ಎಳೆಯದು. ಇಟ್ಟಿಗೆಯ ಬಣ್ಣಕ್ಕೆ ತಿರುಗಿದ್ದರೆ ಮಾಗಿದೆ. ಇತ್ತೀಚಿನ ವರ್ಷದ ವೈನಿನಲ್ಲೇ ಕಂದು ಅಂಚು ಕಂಡರೆ ಬಾಟಲಿ ಎಲ್ಲೋ ಬಿಸಿಲು ತಿಂದಿರಬಹುದು. ಬಣ್ಣ ಗಾಢವಾಗಿದ್ದ ಮಾತ್ರಕ್ಕೆ ಉತ್ತಮವಲ್ಲ: ಸಾಂಜೊವೇಸೆ ಸಹಜವಾಗಿ ತಿಳಿ, ಶಿರಾಜ್ ಗಾಢ.

7. ಮೂಸಿ. ಮೊದಲು ಲೋಟ ಅಲುಗಿಸದೆ, ಆಮೇಲೆ ನಾಲ್ಕು ಸುತ್ತು ತಿರುಗಿಸಿ ಮೂಸಿ. ತಿರುಗಿಸಿದಾಗ ವೈನ್ ಗಾಜಿನ ಗೋಡೆಗೆ ತೆಳ್ಳಗೆ ಹರಡಿ ವಾಸನೆಯ ಅಂಶಗಳು ಗಾಳಿಗೆ ಬಿಡುಗಡೆಯಾಗುತ್ತವೆ. ವಿದೇಶಿ ಪುಸ್ತಕಗಳು ಹೇಳುವ ಬ್ಲ್ಯಾಕ್‌ಕರಂಟ್ ಹಣ್ಣನ್ನು ನಮ್ಮಲ್ಲಿ ಹೆಚ್ಚಿನವರು ಕಂಡಿಲ್ಲ. ಅದರ ಗೊಡವೆ ಬಿಡಿ. ನೇರಳೆ, ಕಪ್ಪು ದ್ರಾಕ್ಷಿ, ಅಂಜೂರ, ಉತ್ತತ್ತಿ, ಕರಿಮೆಣಸು, ಲವಂಗ, ದೊಣ್ಣೆ ಮೆಣಸಿನಕಾಯಿ, ತಂಬಾಕು, ಮಳೆಗೆ ನೆಂದ ಮಣ್ಣು ಇವೆಲ್ಲ ನಿಮ್ಮ ಮೂಗಿಗೆ ಗೊತ್ತಿರುವ ವಾಸನೆಗಳು. ಶಿರಾಜ್‌ನಲ್ಲಿ ಕರಿಮೆಣಸನ್ನೂ ಕ್ಯಾಬರ್ನೆಯಲ್ಲಿ ದೊಣ್ಣೆ ಮೆಣಸಿನಕಾಯಿಯ ಹಸಿ ವಾಸನೆಯನ್ನೂ ಹುಡುಕಿ. ಆ ಹಸಿ ವಾಸನೆ ತೀರಾ ಮುಂದಿದ್ದರೆ ಹಣ್ಣು ಪೂರ್ತಿ ಮಾಗುವ ಮೊದಲೇ ಕೊಯ್ದಿರಬಹುದು. ವೆನಿಲ್ಲಾ, ಹೊಗೆ, ಒಣಕೊಬ್ಬರಿಯ ವಾಸನೆ ಓಕ್ ಮರದ ಪೀಪಾಯಿಯದು. ಹಣ್ಣಿನ ವಾಸನೆಯನ್ನು ಮರ ಮುಚ್ಚಿಹಾಕಿದ್ದರೆ ಅದು ಕೊರತೆ ಎಂದೇ ಬರೆದುಕೊಳ್ಳಿ.

8. ಗುಟುಕರಿಸಿ, ಬಾಯಿ ತುಂಬ ಆಡಿಸಿ, ಉಗುಳಿ. ಒಂದು ಚಮಚದಷ್ಟು ವೈನನ್ನು ಐದಾರು ಸೆಕೆಂಡು ಬಾಯಲ್ಲಿಟ್ಟು ಕ್ರಮವಾಗಿ ಗಮನಿಸಿ. ಹುಳಿ: ನಾಲಿಗೆಯ ಬದಿಯಲ್ಲಿ ಜೊಲ್ಲು ಒಸರಿದರೆ ಹುಳಿ ಸಾಕಷ್ಟಿದೆ. ಒಗರು: ಒಸಡು, ಕೆನ್ನೆಯ ಒಳಭಾಗ ಬಿಗಿಯುವುದು ಸಿಪ್ಪೆ, ಬೀಜದಿಂದ ಬಂದ ಟ್ಯಾನಿನ್ ಎಂಬ ಅಂಶದ ಕೆಲಸ. ಅದು ಜೊಲ್ಲಿನ ಪ್ರೋಟೀನಿಗೆ ಅಂಟಿಕೊಂಡು ಬಾಯಿಯ ಜಾರಿಕೆ ಕಳೆಯುತ್ತದೆ. ನುಣುಪಾಗಿ ಬಿಗಿದು ಬಿಟ್ಟರೆ ಮಾಗಿದ ಒಗರು. ಅಡಿಕೆಯ ಹಾಗೆ ಕಚ್ಚಿ ಹಿಡಿದು ಕಹಿಗೆ ತಿರುಗಿದರೆ ಹಸಿ ಒಗರು. ಮದ್ಯದ ಬಿಸಿ: ಗಂಟಲಲ್ಲಿ ಉರಿ ಎಷ್ಟು? ಕೊನೆಗೆ, ಉಗುಳಿದ ಮೇಲೆ ಹಣ್ಣಿನ ರುಚಿ ಎಷ್ಟು ಹೊತ್ತು ನಿಲ್ಲುತ್ತದೆ? ಹತ್ತು ಸೆಕೆಂಡು ಮೀರಿದರೆ ಒಳ್ಳೆಯ ಲಕ್ಷಣ.

9. ಬಾಯಿಗೆ ಬಿಡುವು ಕೊಡಿ. ಒಗರು ಗುಟುಕಿನಿಂದ ಗುಟುಕಿಗೆ ಕೂಡುತ್ತ ಹೋಗುತ್ತದೆ. ಬಿಡುವಿಲ್ಲದೆ ಹೀರಿದರೆ ಮೂರನೇ ವೈನ್ ಎಷ್ಟೇ ಚೆನ್ನಾಗಿದ್ದರೂ ಒರಟೆನಿಸುತ್ತದೆ. ನಡುವೆ ಎರಡು ನಿಮಿಷ ಬಿಟ್ಟು ನೀರು ಮುಕ್ಕಳಿಸಿ, ಖಾರ ಸವರದ ಕಡಕ್ ಜೋಳದ ರೊಟ್ಟಿಯ ಒಂದು ಚೂರು ತಿನ್ನಿ. ವಿದೇಶಗಳಲ್ಲಿ ಬಾಯಿ ತೊಳೆಯುವ ಬ್ರೆಡ್ಡಿನ ಕೆಲಸವನ್ನು ನಮ್ಮ ರೊಟ್ಟಿ ಚೆನ್ನಾಗಿಯೇ ಮಾಡುತ್ತದೆ.

ಒಂಟಿ ಬಾಟಲಿ ಪಾಠ ಹೇಳದು: ಮೂರು ಹೋಲಿಕೆ

ರುಚಿ ಹೋಲಿಕೆಯಲ್ಲಿ ಮಾತ್ರ ತಿಳಿಯುತ್ತದೆ. ನಾಲ್ಕೈದು ಗೆಳೆಯರು ಪಟ್ಟಿ ಹಾಕಿ ಬಾಟಲಿ ಕೊಂಡರೆ ಖರ್ಚೂ ಹಗುರ. ಒಂದು ಬಾಟಲಿಯ 750 ಮಿಲಿಲೀಟರಿನಲ್ಲಿ 30 ಮಿಲಿಲೀಟರಿನ 25 ಪಾಲು ಬರುತ್ತದೆ.

ಮೊದಲ ಹೋಲಿಕೆ, ಒಂದೇ ವೈನ್ ಎರಡು ಉಷ್ಣತೆಯಲ್ಲಿ. ಒಂದು ಲೋಟಕ್ಕೆ ಮೊದಲೇ ಸುರಿದು ಕೋಣೆಯಲ್ಲಿಡಿ. ಇನ್ನೊಂದಕ್ಕೆ ತಂಪಾದ ಬಾಟಲಿಯಿಂದ ಆಗಷ್ಟೇ ಸುರಿಯಿರಿ. ಎರಡನ್ನೂ ಮೂಸಿ ನೋಡಿದವರಿಗೆ ಉಷ್ಣತೆಯ ಬಗ್ಗೆ ಮತ್ತೆ ಪಾಠ ಬೇಕಿಲ್ಲ. ಎಲ್ಲಕ್ಕಿಂತ ಮೊದಲು ಮಾಡಬೇಕಾದ ಪ್ರಯೋಗ ಇದೇ.

ಎರಡನೆಯದು, ಒಂದೇ ತಳಿ ಎರಡು ಸೀಮೆ. ಸಾಂಜೊವೇಸೆ ಇದಕ್ಕೆ ತಕ್ಕದ್ದು: ಹಂಪಿ ಹಿಲ್ಸ್‌ನ ಕ್ರಸ್ಮಾದ್ದೊಂದು, ಅಕ್ಲೂಜಿನ ಫ್ರಟೆಲ್ಲಿಯದೊಂದು. ಕ್ಯಾಬರ್ನೆ ಬೇಕೆಂದರೆ ಹಂಪಿ ಹಿಲ್ಸ್ ಒಂದು ಕಡೆ, ನಂದಿ ಕಣಿವೆಯ ಎಸ್‌ಡಿಯು ತಯಾರಕರದ್ದು ಇನ್ನೊಂದು ಕಡೆ. ಎರಡರ ಕೊಯ್ಲಿನ ವರ್ಷ ಆದಷ್ಟು ಹತ್ತಿರವಿರಲಿ, ಇಲ್ಲವಾದರೆ ನೀವು ಸೀಮೆಯ ಬದಲು ವಯಸ್ಸನ್ನು ಹೋಲಿಸುತ್ತೀರಿ.

ಮೂರನೆಯದು, ಕಣ್ಣು ಕಟ್ಟಿದ ಪರೀಕ್ಷೆ. ಬಾಟಲಿಗಳಿಗೆ ಪತ್ರಿಕೆಯ ಹಾಳೆ ಸುತ್ತಿ ಅಂಕಿ ಬರೆಯಿರಿ. ಒಬ್ಬರಿಗೆ ಮೂರು ಲೋಟ ಕೊಡಿ; ಎರಡರಲ್ಲಿ ಒಂದೇ ವೈನ್, ಒಂದರಲ್ಲಿ ಬೇರೆ. ಬೇರೆಯದನ್ನು ಗುರುತಿಸಲಾಗದಿದ್ದರೆ ಆ ಎರಡು ವೈನಿನ ಬೆಲೆಯ ಅಂತರ ನಿಮ್ಮ ನಾಲಿಗೆಗೆ ಸಂಬಂಧಿಸಿದ್ದಲ್ಲ. ಲೇಬಲ್ ಮತ್ತು ಬೆಲೆ ಕಂಡ ಮೇಲೆ ನಾಲಿಗೆ ನಿಷ್ಪಕ್ಷಪಾತವಾಗಿ ಉಳಿಯುವುದು ಕಷ್ಟ. ಊರಿನ ಅಭಿಮಾನಕ್ಕೂ, ವಿದೇಶಿ ಮೋಹಕ್ಕೂ ಈ ಹಾಳೆ ಒಂದೇ ಮದ್ದು.

ನಮ್ಮ ಊಟದ ಜೊತೆ

ಮೊದಲು ಖಾಲಿ ನಾಲಿಗೆಯಲ್ಲಿ ರುಚಿ ನೋಡಿ, ಬರೆದುಕೊಂಡು, ಆಮೇಲೆ ತಟ್ಟೆಯ ಕಡೆ ಬನ್ನಿ. ಖಾರ ಮತ್ತು ಮದ್ಯ ಎರಡೂ ಬಾಯಲ್ಲಿ ಬಿಸಿಯ ಅನುಭವ ಹುಟ್ಟಿಸುತ್ತವೆ, ಒಂದು ಇನ್ನೊಂದನ್ನು ಕೆಣಕುತ್ತದೆ. ಅದಕ್ಕೆ ಒಗರೂ ಸೇರಿದರೆ ಬಾಯಿ ಸುಟ್ಟಂತಾಗುತ್ತದೆ. ಗುಂಟೂರು ತಳಿಯ ಮೆಣಸಿನಕಾಯಿ ಅರೆದ ಸಾರಿಗೆ ಗಟ್ಟಿ ಕ್ಯಾಬರ್ನೆ ಹೊಂದುವುದಿಲ್ಲ. ಬಣ್ಣ ಹೆಚ್ಚು, ಖಾರ ಕಡಿಮೆ ಇರುವ ಬ್ಯಾಡಗಿ ಹಾಕಿ ಮಾಡಿದರೆ ಅದೇ ಕುರಿಮಾಂಸ ಹೊಂದುತ್ತದೆ.

ಉಪ್ಪು, ಕೊಬ್ಬು, ಪ್ರೋಟೀನು ಒಗರನ್ನು ಮೆತ್ತಗಾಗಿಸುತ್ತವೆ. ಹಾಗಾಗಿ ಬದನೆಕಾಯಿ ಎಣ್ಣೆಗಾಯಿಯಲ್ಲಿ ಶೇಂಗಾ, ಗುರೆಳ್ಳು, ಎಣ್ಣೆ ಧಾರಾಳವಾಗಿದ್ದು ಖಾರ ಹದದಲ್ಲಿದ್ದರೆ ಶಿರಾಜ್ ಜೊತೆ ಸೊಗಸು. ರೊಟ್ಟಿಗೆ ಬೆಣ್ಣೆ, ಶೇಂಗಾ ಹಿಂಡಿ ಹಚ್ಚಿಕೊಂಡರೂ ಸರಿ. ಕೆಂಡದ ಮೇಲೆ ಸುಟ್ಟ ಮಾಂಸಕ್ಕೆ ಓಕ್ ಪೀಪಾಯಿಯಲ್ಲಿ ಇದ್ದು ಬಂದ ವೈನ್ ಒಗ್ಗುತ್ತದೆ.

ಪುಂಡಿ ಪಲ್ಯ ಎಚ್ಚರಿಕೆಯಿಂದ. ಊಟದ ಹುಳಿ ವೈನಿನ ಹುಳಿಗಿಂತ ಮುಂದಿದ್ದರೆ ವೈನ್ ಸಪ್ಪೆ ಎನಿಸುತ್ತದೆ. ಪುಂಡಿಯ ಎದುರು ನಿಲ್ಲಬೇಕಾದರೆ ಹುಳಿ ಚುರುಕಾಗಿರುವ ಸಾಂಜೊವೇಸೆಯಂಥದ್ದು ಬೇಕು. ಹೂರಣದ ಹೋಳಿಗೆ ಜೊತೆ ಒಣ (ಸಿಹಿ ಇಲ್ಲದ) ಕೆಂಪು ವೈನ್ ಬೇಡವೇ ಬೇಡ. ಸಿಹಿಯ ನಂತರ ಅದು ಕಹಿ ಕಷಾಯವೇ ಆಗುತ್ತದೆ.

ದೋಷ ಯಾವುದು, ಸ್ವಭಾವ ಯಾವುದು?

- ನೆಂದ ರಟ್ಟಿನ, ಮುಗ್ಗು ಚೀಲದ ವಾಸನೆ: ಕಾರ್ಕಿನ ದೋಷ. ಗಾಳಿಯಾಡಿಸಿದರೂ ಹೋಗದು.
- ನೇಲ್ ಪಾಲಿಶ್ ಅಥವಾ ವಿನೆಗರ್ ವಾಸನೆ ಮೂಗಿಗೆ ಹೊಡೆದರೆ: ಬ್ಯಾಕ್ಟೀರಿಯಾ ಕೆಲಸ. ಕೆಟ್ಟಿದೆ.
- ಕುದಿಸಿದ ಜಾಮಿನ ವಾಸನೆ, ಕಂದು ಬಣ್ಣ, ಮೇಲೆದ್ದ ಕಾರ್ಕ್: ಬಾಟಲಿ ಬಿಸಿಲು ತಿಂದಿದೆ. ತಯಾರಕರ ತಪ್ಪಲ್ಲ, ಸಾಗಣೆ ಅಥವಾ ಅಂಗಡಿಯದು.
- ಗೀರಿದ ಬೆಂಕಿಕಡ್ಡಿ ಅಥವಾ ಕೊಳೆತ ಮೊಟ್ಟೆಯ ಸಣ್ಣ ವಾಸನೆ: ಗಾಳಿ ಸಿಗದೆ ಮುಚ್ಚಿಕೊಂಡಿದ್ದರ ಗುರುತು. ಹತ್ತು-ಹದಿನೈದು ನಿಮಿಷ ಲೋಟದಲ್ಲಿ ತಿರುಗಿಸಿದರೆ ಎಷ್ಟೋ ಸಲ ಹೋಗುತ್ತದೆ.
- ತಳದಲ್ಲಿ ಗಷ್ಟು ಅಥವಾ ಹರಳು: ದೋಷವಲ್ಲ. ದ್ರಾಕ್ಷಿಯದೇ ಅಂಶ. ಬಾಟಲಿಯನ್ನು ನಿಲ್ಲಿಸಿಟ್ಟು ನಿಧಾನವಾಗಿ ಸುರಿಯಿರಿ.

ಸಾಮಾನ್ಯ ತಪ್ಪುಗಳು

1. ಲೋಟಕ್ಕೆ ಐಸ್ ಹಾಕುವುದು. ವೈನ್ ನೀರಾಗುತ್ತದೆ. ಐಸ್ ಬಾಟಲಿಯ ಹೊರಗಿರಲಿ.
2. ಸಿಹಿ ‘ಪೋರ್ಟ್’ ವೈನಿನ ಅಳತೆಗೋಲಿನಿಂದ ಒಣ ವೈನನ್ನು ಅಳೆಯುವುದು. ಬೆಂಗಳೂರು ಬ್ಲೂ ದ್ರಾಕ್ಷಿಯ ಸಿಹಿ ವೈನಿಗೆ ಒಗ್ಗಿದ ನಾಲಿಗೆಗೆ ಒಣ ಕ್ಯಾಬರ್ನೆ ಮೊದಲಿಗೆ ಹುಳಿ ಎನಿಸುವುದು ಸಹಜ. ಎರಡೂ ಬೇರೆ ಬಗೆ, ಪಕ್ಕಪಕ್ಕ ಇಟ್ಟು ಅಂಕ ಹಾಕಬೇಡಿ.
3. ‘ಹಳೆಯದಾದಷ್ಟೂ ಒಳ್ಳೆಯದು’ ಎಂದು ಮದುವೆಯ ಉಡುಗೊರೆ ಬಾಟಲಿಯನ್ನು ಹತ್ತು ವರ್ಷ ಕಾಯ್ದಿಡುವುದು. ನಮ್ಮ ಬೇಸಿಗೆಯಲ್ಲಿ ಅದು ಉಳಿಯದು.
4. ಊದಿನಕಡ್ಡಿ ಹಚ್ಚಿದ, ಒಗ್ಗರಣೆ ಹಾಕುತ್ತಿರುವ, ಅತ್ತರು ಪೂಸಿಕೊಂಡವರಿರುವ ಕೋಣೆಯಲ್ಲಿ ಮೂಸುವುದು. ಎಲೆಅಡಿಕೆ, ಗುಟ್ಕಾ ಹಾಕಿದ ಬಾಯಿಗೂ ಒಂದು ಗಂಟೆ ಯಾವ ವೈನೂ ತಿಳಿಯದು.
5. ಒಂದೇ ಬಾಟಲಿಯಿಂದ ಇಡೀ ಸೀಮೆಗೆ ತೀರ್ಪು ಕೊಡುವುದು. ಸಣ್ಣ ತಯಾರಕರಲ್ಲಿ ವರ್ಷದಿಂದ ವರ್ಷಕ್ಕೆ ವ್ಯತ್ಯಾಸ ದೊಡ್ಡದು. ಅಕಾಲಿಕ ಮಳೆಗೆ ಬಳ್ಳಿಗೆ ಡೌನಿ ಬೂಜು ರೋಗ ಬಿದ್ದ ವರ್ಷ, ಕೊಯ್ಲಿನ ಹೊತ್ತಿಗೆ ಮೋಡ ಕವಿದ ವರ್ಷ ಬಾಟಲಿಯಲ್ಲಿ ಕಾಣಿಸುತ್ತದೆ.
6. ಉಳಿದ ವೈನನ್ನು ಹೊರಗೆ ಬಿಡುವುದು. ಮುಚ್ಚಳ ಬಿಗಿದು ಫ್ರಿಜ್ಜಿನಲ್ಲಿಟ್ಟರೆ ಎರಡು-ಮೂರು ದಿನ ಚೆನ್ನಾಗಿರುತ್ತದೆ. ಹೊರಗಿಟ್ಟರೆ ಮರುದಿನಕ್ಕೇ ಬಾಡುತ್ತದೆ.

ಎಚ್ಚರಿಕೆ

ಮದ್ಯದ ಯಾವ ಪ್ರಮಾಣವೂ ಆರೋಗ್ಯಕ್ಕೆ ಪೂರ್ತಿ ಸುರಕ್ಷಿತವಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಸ್ಪಷ್ಟವಾಗಿ ಹೇಳಿದೆ. ‘ಕೆಂಪು ವೈನ್ ಹೃದಯಕ್ಕೆ ಒಳ್ಳೆಯದು’ ಎಂಬ ಮಾತನ್ನು ನಂಬಿ ಯಾರೂ ಕುಡಿಯಲು ಶುರುಮಾಡಬಾರದು. ಕುಡಿಯದವರು ಈ ರುಚಿಗಾಗಿ ಕಲಿಯಬೇಕಿಲ್ಲ. ಗರ್ಭಿಣಿಯರು, ಹಾಲೂಡಿಸುವ ತಾಯಂದಿರು, ಯಕೃತ್ತಿನ ತೊಂದರೆ ಇರುವವರು, ಮದ್ಯದ ಜೊತೆ ಹೊಂದದ ಔಷಧ ತೆಗೆದುಕೊಳ್ಳುವವರು, ಚಟದಿಂದ ಹೊರಬಂದವರು ದೂರವಿರಬೇಕು. 21 ವರ್ಷ ತುಂಬದವರಿಗೆ ರಾಜ್ಯದ ಅಬಕಾರಿ ನಿಯಮ ಅವಕಾಶ ಕೊಡುವುದಿಲ್ಲ.

ಲೆಕ್ಕ ನೆನಪಿರಲಿ: ಶೇ 13ರ ಮದ್ಯಾಂಶದ ವೈನ್ 30 ಮಿಲಿಲೀಟರಿನಂತೆ ಮೂರು ಸಲ ನುಂಗಿದರೆ ಸುಮಾರು 9 ಗ್ರಾಂ ಮದ್ಯ ದೇಹ ಸೇರುತ್ತದೆ. ವೃತ್ತಿಪರ ರುಚಿಗಾರರು ಉಗುಳುವುದು ಇದಕ್ಕೇ. ನಡುವೆ ಒಂದು ಪಾತ್ರೆ ಇಟ್ಟು ನೀವೂ ಉಗುಳಿ, ಅದರಲ್ಲಿ ನಾಚಿಕೆಯೇನಿಲ್ಲ. ಆದರೂ ಬೈಕ್ ಕೀಲಿ ಮುಟ್ಟಬೇಡಿ. ಚಾಲಕರ 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ ಮೀರಿ ಮದ್ಯಾಂಶ ಕಂಡರೆ ಅಪರಾಧ. ಗುರುಮಠಕಲ್ ದಾಟಿದರೆ ತೆಲಂಗಾಣ. ಗಡಿಯಾಚೆಯಿಂದ ಬಾಟಲಿ ತರುವ ಮೊದಲು ಎರಡೂ ಕಡೆಯ ಅಬಕಾರಿ ನಿಯಮ ವಿಚಾರಿಸಿ.

ಬರೆದಿಡಿ

ಒಂದು ಸಾದಾ ನೋಟ್‌ಬುಕ್ಕಿನಲ್ಲಿ ಪ್ರತಿ ವೈನಿಗೂ ಆರು ಸಾಲು ಸಾಕು: ತಯಾರಕರು, ಸೀಮೆ ಮತ್ತು ಕೊಯ್ಲಿನ ವರ್ಷ; ಕುಡಿದ ದಿನದ ಉಷ್ಣತೆ; ಮೂಗಿಗೆ ಸಿಕ್ಕ ಮೂರು ವಾಸನೆ; ಹುಳಿ, ಒಗರು, ಬಿಸಿ ಇವುಗಳಲ್ಲಿ ಯಾವುದು ಹೆಚ್ಚು, ಯಾವುದು ಕಡಿಮೆ; ಜೊತೆಗೆ ತಿಂದದ್ದು; ಮತ್ತೆ ಕೊಳ್ಳುತ್ತೀರೋ ಇಲ್ಲವೋ. ಒಂದೇ ತೋಟದ ವೈನನ್ನು ಮೂರು-ನಾಲ್ಕು ಕೊಯ್ಲಿನ ತನಕ ಹೀಗೆ ಹಿಂಬಾಲಿಸಿದರೆ ಆ ಮಣ್ಣು ಮತ್ತು ಆ ಕೈಗಳು ಏನು ಕಲಿಯುತ್ತಿವೆ ಎಂಬುದು ನಿಮ್ಮ ಟಿಪ್ಪಣಿಯಲ್ಲೇ ಕಾಣುತ್ತದೆ.

ಕರ್ನಾಟಕದ ಕೆಂಪು ವೈನೆಲ್ಲ ಶ್ರೇಷ್ಠವಲ್ಲ. ಒಗರು ಹಸಿಯಾಗಿರುವವು, ಮರದ ವಾಸನೆಯಲ್ಲಿ ಮುಳುಗಿರುವವು, ಹುಳಿ ಸತ್ತು ಸಪ್ಪೆಯಾದವು ಅಂಗಡಿಯಲ್ಲಿ ಇವೆ. ಚೆನ್ನಾಗಿ ಮಾಡಿದವೂ ಇವೆ. ಎರಡನ್ನೂ ಬೇರ್ಪಡಿಸುವ ನಾಲಿಗೆ ಕೊಳ್ಳುವವರಿಗೆ ಇದ್ದರೆ ಮಾತ್ರ ಎಳೆಯ ಸೀಮೆ ಬೆಳೆಯುತ್ತದೆ. ಮುಂದಿನ ಬಾಟಲಿಯನ್ನು ಚಳಿಗಾಲದಲ್ಲಿ ತೆರೆಯಿರಿ, ತಂಪು ಮಾಡಿ, ಇನ್ನೊಂದರ ಪಕ್ಕ ಇಟ್ಟು ನೋಡಿ. ಕೆಟ್ಟಿದ್ದರೆ ಕೊಂಡ ಅಂಗಡಿಗೂ ತಯಾರಕರಿಗೂ ಬಾಯಿಬಿಟ್ಟು ಹೇಳಿ, ಒಳ್ಳೆಯದಿದ್ದರೆ ಅದನ್ನೂ ಹೇಳಿ.